ಮೈಮೇಲೆ ಬಿದ್ದ ಗೆಲುವು

ಭಾನುವಾರ ಬೆಳಗ್ಗೆ ಏಳೂವರೆಗೆ ಕೊಟ್ಟೂರೇಶ್ ತನ್ನ ಮೂವತ್ತೈದು ವರ್ಷದ ಬಾಳಿನಲ್ಲಿ ಮೊದಲ ಸಲ ಒಂದು ಗಡಸು ಮಾತು ಬರೆದ. ಅದೂ ತಪ್ಪು ಗುಂಪಿಗೆ ಹೋಯಿತು.

ಬರೆದದ್ದು ಇಷ್ಟು: "ಇವತ್ತು ಮುಲಾಜು ಬ್ಯಾಡ. ಮೈಮೇಲೆ ಬಿದ್ದು ಆಡ್ರಿ. ಅಡ್ಡ ಬಂದೋರನ್ನ ಕೆಡವ್ರಿ. ಮುಂದಿನದು ನಾನು ನೋಡ್ಕೋತೀನಿ." ಹೋಗಬೇಕಾಗಿದ್ದು ಆಟಗಾರ್ತಿಯರ ವಾಟ್ಸ್ಯಾಪ್ ಗುಂಪಿಗೆ. ಹೋದದ್ದು ಅವರ ಅಪ್ಪ-ಅಮ್ಮಂದಿರ ಗುಂಪಿಗೆ. ಗಾಬರಿಬಿದ್ದು ಅಳಿಸಲು ಹೋದರೆ ಅದು ಅವನ ಫೋನಿನಿಂದ ಮಾತ್ರ ಅಳಿಸಿಹೋಗಿ, ಉಳಿದವರೆಲ್ಲರ ಫೋನಿನಲ್ಲಿ ಭದ್ರವಾಗಿ ಕೂತಿತು. ವಿನೋಬನಗರದ ತನ್ನ ಮನೆಯ ಅಡುಗೆಕೋಣೆಯಲ್ಲಿ ನಿಂತು, ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡುತ್ತ, ಇನ್ನು ಎಷ್ಟು ಜನ ತಾಯಂದಿರು ಯಾವ ಯಾವ ಮಾತಿನಲ್ಲಿ ಬೈಯಬಹುದು ಎಂದು ಅವನು ಲೆಕ್ಕ ಹಾಕತೊಡಗಿದ.

ಕೊಟ್ಟೂರೇಶ್ ದಾವಣಗೆರೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಹತ್ತು ದಿನದ ತರಬೇತಿಗೆ ಹೋದವನು ಆಸ್ಟ್ರೇಲಿಯಾದವರ ಫುಟ್‌ಬಾಲ್ ಕಲಿತು, ಒಂದು ಮೊಟ್ಟೆಯಾಕಾರದ ಚೆಂಡು ಹಿಡಿದುಕೊಂಡು ವಾಪಸಾಗಿದ್ದ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವರಿಗೆ ಕೊಡಬಹುದು. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಅಂಕ, ಪಕ್ಕದಲ್ಲಿ ಹೋದರೆ ಒಂದು. ಚೆಂಡು ಹಿಡಿದವಳನ್ನು ಸೊಂಟಕ್ಕೆ ಕೈಹಾಕಿ ಕೆಡವಬಹುದು. ಬೆನ್ನಿಗೆ ನೂಕುವಂತಿಲ್ಲ, ಕುತ್ತಿಗೆಗೆ ಕೈ ಹಾಕುವಂತಿಲ್ಲ.

ಈ ಕೆಡವುವ ಭಾಗವನ್ನು ಮಾತ್ರ ಕೊಟ್ಟೂರೇಶ್ ಕಲಿಸಿರಲಿಲ್ಲ. ಬೇರೆಯವರ ಮನೆಯ ಮಕ್ಕಳು, ಕೈಕಾಲು ಮುರಿದರೆ ಏನು ಗತಿ ಎಂಬುದು ಒಂದು. ಚೆಂಡಿನ ಹಿಂದೆ ಓಡಬೇಕೇ ಹೊರತು ಮನುಷ್ಯರ ಹಿಂದೆ ಅಲ್ಲ ಎಂಬುದು ಇನ್ನೊಂದು. ಅವನ ಹುಡುಗಿಯರು ಎದುರಾಳಿ ಬಂದರೆ ಬಸ್ಸಿನಲ್ಲಿ ಬಸುರಿಗೆ ಜಾಗ ಬಿಟ್ಟಂತೆ ಸರಿದು ನಿಲ್ಲುತ್ತಿದ್ದರು. ಹಾಗಾಗಿ ಈ ವರ್ಷ ಆಡಿದ ಐದೂ ಪಂದ್ಯ ಸೋತಿದ್ದರು. ಅದರಲ್ಲಿ ಎರಡು ಸೋಲು ಹರಿಹರದ ತಂಡದ ಕೈಯಲ್ಲಿ. ಹರಿಹರದ ತಂಡಕ್ಕೆ ಕಲಿಸುವವಳು ಸುಧಾ. ಸುಧಾ ಕೊಟ್ಟೂರೇಶನ ಹೆಂಡತಿ.

ಮೇಷ್ಟ್ರು ಹೆಂಡತಿಗೆ ಹೆದರಿ ಸೋಲ್ತಾರೆ ಎಂದು ಕಾಲೇಜಿನಲ್ಲಿ ಜವಾನನಿಂದ ಹಿಡಿದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಶುಕ್ರವಾರ ಪ್ರಾಂಶುಪಾಲ ನಾಗಭೂಷಣ್ ಕರೆಸಿ, ಭಾನುವಾರ ಹರಿಹರದಲ್ಲಿ ಗೆದ್ದರೆ ಕೆಲಸ ಖಾಯಂ ಮಾಡಲು ಬರೆಯುತ್ತೇನೆ, ಸೋತರೆ ತಂಡವೂ ಬೇಡ ತಾವೂ ಬೇಡ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು.

"ಫಿಸಿಕಲ್ ಆಗಿ ಆಡಿಸ್ರಿ," ಎಂದಿದ್ದರು. "ನೀವು ಫಿಸಿಕಲ್ ಎಜುಕೇಶನ್ ಮೇಷ್ಟ್ರು. ಹೆಸರಲ್ಲೇ ಐತಲ್ರಿ."

ಶನಿವಾರ ಸಂಜೆ ಕೊಟ್ಟೂರೇಶ್ ಇದನ್ನು ಸುಧಾಳ ಮುಂದೆ ತೋಡಿಕೊಂಡ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಪೂರ್ತಿ ಕೇಳಿದಳು, ಸಿಪ್ಪೆಯನ್ನು ಮೊರಕ್ಕೆ ಹಾಕಿದಳು, ಎದ್ದು ಒಳಗೆ ಹೋದಳು. ಬೆಳಗ್ಗೆ ಅವನು ಏಳುವುದರೊಳಗೆ ಹರಿಹರದ ಬಸ್ಸು ಹತ್ತಿದ್ದಳು. ಎಂಥ ಕಲ್ಲೆದೆಯವಳಪ್ಪಾ ಎಂದು ಅವನಿಗೆ ನೋವಾಯಿತು. ಆ ನೋವಿನಲ್ಲೇ ಅವನು ಫೋನೆತ್ತಿಕೊಂಡು ಆ ಸಂದೇಶ ಬರೆದದ್ದು.

ಎಂಟೂವರೆಗೆ ಕಾಲೇಜಿನ ಗೇಟಿನ ಹತ್ತಿರ ಹೋದಾಗ ಅವನು ಹೆದರಿದಂತೆಯೇ ಪೋಷಕರು ಗುಂಪಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮೈಲಮ್ಮ. ಈಕೆ ಕೀರ್ತನಾಳ ತಾಯಿ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮೂಟೆಗಳ ನಡುವೆ ಇಪ್ಪತ್ತು ವರ್ಷ ದುಡಿದವಳು. ಅವಳ ಪಕ್ಕದಲ್ಲಿ ನಾಯಕಿ ರಶ್ಮಿತಾಳ ಅಜ್ಜ ಉಜ್ಜನಪ್ಪ, ಒಂದು ಕಾಲಕ್ಕೆ ಗರಡಿಮನೆಯಲ್ಲಿ ಹೆಸರು ಮಾಡಿದ ಪೈಲ್ವಾನ. ಕೊಟ್ಟೂರೇಶ್ ಕೈಮುಗಿದು, ಅದು ತಪ್ಪಿ ಬಂದ ಸಂದೇಶ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಶುರುಮಾಡಿದ.

ಮೈಲಮ್ಮ ಅವನ ಮುಗಿದ ಕೈಯನ್ನೇ ಹಿಡಿದುಕೊಂಡಳು. "ಎಷ್ಟು ದಿನದಿಂದ ಕಾಯ್ತಿದ್ವಿ ಸಾರ್ ಈ ಮಾತಿಗೆ. ನಮ್ಮ ಹುಡುಗಿ ಮನೆಯಾಗೆ ಗ್ಯಾಸ್ ಸಿಲಿಂಡರ್ ಒಂದೇ ಕೈಯಾಗೆ ಎತ್ತಿ ಇಡ್ತಾಳೆ. ಮೈದಾನದಾಗೆ ನೋಡಿದ್ರೆ ಬೀಗರ ಮನೆಗೆ ಬಂದೋಳಂಗೆ ನಿಂತಿರ್ತಾಳೆ."

ಕೊಟ್ಟೂರೇಶ್ ಮೆಲ್ಲಗೆ ಕೈ ಬಿಡಿಸಿಕೊಂಡ. ಅಷ್ಟರಲ್ಲಿ ಪೋಷಕರೆಲ್ಲ ಮಿನಿ ಬಸ್ಸು ಹತ್ತಿಯಾಗಿತ್ತು. ಮೇಷ್ಟ್ರಿಗೆ ಸಿಕ್ಕಿದ್ದು ಡ್ರೈವರ್ ಪಕ್ಕದ ಇಂಜಿನ್ ಮೇಲಿನ ಬಿಸಿ ಸೀಟು. ಹರಿಹರ ಮುಟ್ಟುವ ಅರ್ಧ ಗಂಟೆಯಲ್ಲಿ, ಎರಡು ವರ್ಷ ಅವನು ಕಲಿಸದೆ ಬಿಟ್ಟಿದ್ದನ್ನು ಬಸ್ಸಿನ ಹಿಂಭಾಗದಲ್ಲಿ ಪೂರ್ತಿ ಕಲಿಸಲಾಯಿತು. ಉಜ್ಜನಪ್ಪ ಸೀಟುಗಳ ನಡುವೆ ನಿಂತು ಕುಸ್ತಿಯ ಯಾವ ಪಟ್ಟಿಗೆ ಸೊಂಟ ಎಲ್ಲಿ ತಿರುಗಬೇಕು ಎಂದು ತೋರಿಸಿದರು. ಮೂಟೆಗೆ ಭುಜ ಕೊಡುವ ರೀತಿಯನ್ನು ಮೈಲಮ್ಮ ವಿವರಿಸಿದಳು. ಬೆನ್ನಿಗೆ ನೂಕುವಂತಿಲ್ಲ ಎಂದು ಕೊಟ್ಟೂರೇಶ್ ಮುಂದಿನಿಂದ ಎರಡು ಸಲ ಕೂಗಿ ಹೇಳಿದ. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮೈದಾನದಲ್ಲಿ ಸುಧಾ ತನ್ನ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಮೆಲ್ಲಗೆ ಏನೋ ಹೇಳುತ್ತಿದ್ದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಗಂಡನನ್ನು ಕಂಡಾಗ ಅವಳು ಮುಖ ತಿರುಗಿಸಿಕೊಂಡಳು. ಕೊಟ್ಟೂರೇಶನೂ ತಿರುಗಿಸಿಕೊಂಡ.

ಅಂಪೈರ್ ತಾರಿಕ್ ಸೀಟಿ ಊದಿದ್ದೇ ತಡ, ಕೊಟ್ಟೂರೇಶ್ ತನ್ನ ತಂಡವನ್ನು ತಾನೇ ಗುರುತಿಸದಾದ. ಮೊದಲ ಚೆಂಡು ಹರಿಹರದ ನಾಯಕಿ ರೂಪಶ್ರೀಯ ಕೈಗೆ ಬಂತು. ಅವಳು ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ರಶ್ಮಿತಾ ದೂರದಿಂದ ಓಡಿಬಂದು ಸೊಂಟಕ್ಕೆ ಕೈಹಾಕಿ ಅಜ್ಜನ ಪಟ್ಟು ಹಾಕಿದಳು. ರೂಪಶ್ರೀ ಮಂಡಕ್ಕಿ ಚೀಲದಂತೆ ಉರುಳಿದಳು. ಚೆಂಡು ಕೀರ್ತನಾಳ ಕೈಗೆ ಬಂತು, ಕೀರ್ತನಾ ಒದ್ದಳು, ಆರು ಅಂಕ. ಉಜ್ಜನಪ್ಪ ಎದ್ದು ನಿಂತು ತೊಡೆ ತಟ್ಟಿದರು.

ಆಮೇಲೆ ನಡೆದದ್ದು ಆಟವೋ ಲೂಟಿಯೋ ಹೇಳುವುದು ಕಷ್ಟ. ದಾವಣಗೆರೆಯ ಹುಡುಗಿಯರು ಚೆಂಡು ಇದ್ದವರನ್ನೂ ಕೆಡವಿದರು, ಇಲ್ಲದವರನ್ನೂ ಕೆಡವಿದರು. ಒಬ್ಬಳು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ್ದಳು, ಅವಳನ್ನೂ ಬಿಡಲಿಲ್ಲ. ತಾರಿಕ್ ಸೀಟಿ ಊದಿ ಊದಿ ಕೆನ್ನೆ ಕೆಂಪು ಮಾಡಿಕೊಂಡ, ಜೇಬಿನ ಪುಸ್ತಕದಲ್ಲಿ ಒಂದೊಂದೇ ಹೆಸರು ಬರೆದುಕೊಳ್ಳತೊಡಗಿದ. ತಪ್ಪಿಗೆ ಪ್ರತಿಯಾಗಿ ಹರಿಹರದವರಿಗೆ ಸಿಕ್ಕ ಒದೆತಗಳೆಲ್ಲ ವಿಚಿತ್ರವಾಗಿ ಗೆರೆಯಾಚೆ ಹೋಗುತ್ತಿದ್ದವು, ಇಲ್ಲವೆ ನೇರವಾಗಿ ದಾವಣಗೆರೆಯವರ ಕೈಗೇ ಬಂದು ಬೀಳುತ್ತಿದ್ದವು. ಹೆದರಿಕೆಯಿಂದ ಕಾಲು ನಡುಗುತ್ತಿರಬೇಕು ಎಂದುಕೊಂಡ ಕೊಟ್ಟೂರೇಶ್. ಎರಡು ವರ್ಷ ತಾನು ನಂಬಿದ್ದೆಲ್ಲ ಸುಳ್ಳೇ ಆಗಿತ್ತೇ? ಹತ್ತು ನಿಮಿಷದ ಗೂಳಿತನಕ್ಕೆ ಇಷ್ಟೊಂದು ಫಲ ಇದೆಯೇ? ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ವಿರಾಮದಲ್ಲಿ ಅವನು ಹುಡುಗಿಯರಿಗೆ, ಹೇಗೂ ಮುಂದಿದ್ದೇವೆ, ಇನ್ನು ನಿಧಾನವಾಗಿ ಆಡಿರಿ ಎಂದು ಬೇಡಿಕೊಂಡ. ಕೀರ್ತನಾ ನೀರು ಕುಡಿಯುತ್ತ ಅವನನ್ನು ಕನಿಕರದಿಂದ ನೋಡಿದಳು. "ಸಾರ್, ನೀವೇ ಬರೆದಿದ್ರಲ್ಲ, ಮುಂದಿನದು ನಾನು ನೋಡ್ಕೋತೀನಿ ಅಂತ. ನೋಡ್ತಾ ಇರ್ರಿ."

ಕೊನೆಯ ಭಾಗದಲ್ಲಿ ಅದು ಆಯಿತು. ರೂಪಶ್ರೀ ಚೆಂಡನ್ನು ಎರಡೂ ಕೈಯಲ್ಲಿ ಮುಂದೆ ಚಾಚಿಕೊಂಡು, ಅರಿಶಿನ-ಕುಂಕುಮದ ತಟ್ಟೆ ಹಿಡಿದಂತೆ, ಕೀರ್ತನಾಳ ಕಡೆಗೇ ನಡೆದು ಬರುತ್ತಿದ್ದಳು. ಕೀರ್ತನಾ ತಲೆ ತಗ್ಗಿಸಿ ಭುಜ ಕೊಟ್ಟು ನುಗ್ಗಿದಳು. ಟಕ್ ಎಂಬ ಸದ್ದು ಗೆರೆಯಾಚೆ ನಿಂತಿದ್ದ ಕೊಟ್ಟೂರೇಶನಿಗೂ ಕೇಳಿಸಿತು. ಮೈಲಮ್ಮ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕೀರ್ತನಾ ಬಿದ್ದವಳ ಪಕ್ಕ ಮಂಡಿಯೂರಿ ಕೂತು, "ಅಕ್ಕಾ, ಏಳಕ್ಕಾ" ಎನ್ನುತ್ತ ಅಳತೊಡಗಿದಳು. ಸುಧಾ ಓಡಿಬಂದು ರೂಪಶ್ರೀಯನ್ನು ಎಬ್ಬಿಸಿ ಆಟೋದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಹೋದಳು. ಗಂಡನ ಮುಂದೆಯೇ ಹಾದುಹೋದರೂ ಅವನ ಕಡೆ ತಿರುಗಿ ನೋಡಲಿಲ್ಲ.

ಉಳಿದ ಐದು ನಿಮಿಷ ಎರಡೂ ತಂಡದವರು ಚೆಂಡನ್ನು ಮುಟ್ಟಲೇ ಹೆದರಿದರು. ಪಂದ್ಯ ಮುಗಿದಾಗ ದಾವಣಗೆರೆ ಅರವತ್ತೆರಡು, ಹರಿಹರ ಒಂಬತ್ತು.

ಉಜ್ಜನಪ್ಪ ಮೇಷ್ಟ್ರ ಕೊರಳಿಗೆ ತಮ್ಮ ಟವೆಲ್ಲನ್ನೇ ಹಾರದಂತೆ ಹಾಕಿದರು. ಅಷ್ಟರಲ್ಲಿ ತಾರಿಕ್ ಪುಸ್ತಕ ಹಿಡಿದುಕೊಂಡು ಬಂದ. ಪಂದ್ಯ ನಿಮ್ಮದೇ, ಅದರಲ್ಲಿ ತಕರಾರಿಲ್ಲ ಎಂದ. ಆದರೆ ತಂಡದ ಒಂಬತ್ತು ಜನರಲ್ಲಿ ಏಳು ಜನರ ಹೆಸರು ದೂರಿಗೆ ಹೋಗುತ್ತಿದೆ. ಮೂರು ದಾಟಿದರೆ ಮಕ್ಕಳಿಗೆ ಶಿಕ್ಷೆ ಇಲ್ಲ, ಕಲಿಸಿದವರಿಗೆ. ಇದು ಕ್ರೀಡಾಕೂಟದ ನಿಯಮ. ಒಂದು ವರ್ಷ ಕೊಟ್ಟೂರೇಶ್ ಮೈದಾನದ ಗೆರೆಯ ಹತ್ತಿರವೂ ಬರುವಂತಿಲ್ಲ.

"ನಾನಾ?" ಎಂದ ಕೊಟ್ಟೂರೇಶ್. "ತಾರಿಕ್, ನಿನಗೇ ಗೊತ್ತೈತೆ. ನಾನು ಇಲ್ಲೀವರೆಗೆ ಒಬ್ಬರಿಗೂ ಕೈ ತಾಗಿಸೋಕೆ ಬಿಟ್ಟಿಲ್ಲ."

"ಅದಕ್ಕೇ ಸಾರ್ ನನಗೂ ಶಾಕ್ ಆಗಿದ್ದು," ಎಂದ ತಾರಿಕ್, ನಿಜವಾದ ದುಃಖದಿಂದ. "ಇಲ್ಲಿ ಸಹಿ ಮಾಡ್ರಿ."

ಸಹಿ ಮಾಡಿ ಅವನು ಆಸ್ಪತ್ರೆಗೆ ನಡೆದೇ ಹೋದ. ಕೆಲಸ ಹೋದರೆ ಹೋಗಲಿ, ಮೊದಲು ಆ ಹುಡುಗಿಯ ಕ್ಷಮೆ ಕೇಳಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ರೂಪಶ್ರೀ ತೋಳನ್ನು ಕೊರಳಿಗೆ ಕಟ್ಟಿಸಿಕೊಂಡು ಮಂಚದ ಮೇಲೆ ಕೂತು ಎಳನೀರು ಕುಡಿಯುತ್ತಿದ್ದಳು. ಭುಜದ ಮೂಳೆ ಸ್ವಲ್ಪ ಬಿರುಕು ಬಿಟ್ಟಿದೆ, ಆರು ವಾರದಲ್ಲಿ ಕೂಡುತ್ತದೆ ಎಂದು ಡಾಕ್ಟರ್ ಹೇಳಿದ್ದರಂತೆ. ಸುಧಾ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ತಪ್ಪಾಯ್ತಮ್ಮಾ," ಎಂದ ಕೊಟ್ಟೂರೇಶ್. "ನಮ್ಮ ಹುಡುಗಿ ಅಷ್ಟು ಜೋರಾಗಿ ಬರಬಾರದಿತ್ತು. ಆದ್ರೆ ನೀನು ಯಾಕ ತಪ್ಪಿಸ್ಕೊಳ್ಳಲಿಲ್ಲ?"

ರೂಪಶ್ರೀ ಒಮ್ಮೆ ಸುಧಾಳ ಬೆನ್ನು ನೋಡಿ ದನಿ ತಗ್ಗಿಸಿದಳು. "ಸಾರ್, ಮೇಡಂ ಬೆಳಗ್ಗೇನೇ ಹೇಳಿದ್ರು. ಇವತ್ತೊಂದು ದಿನ ಬಾಲ್ ಇಟ್ಕೋಬ್ಯಾಡ್ರಿ, ಸಾರ್ ಕೆಲಸದ ಪ್ರಶ್ನೆ, ಅವರಿಗೇ ಕೊಟ್ಬಿಡ್ರಿ ಅಂತ. ಕೊಡೋಕೆ ಅಂತಾನೇ ಹೋಗ್ತಿದ್ದೆ ಸಾರ್. ನಿಮ್ಮ ಹುಡುಗಿ ತಗೊಳ್ಳೋಕೇ ಪುರುಸೊತ್ತು ಕೊಡ್ಲಿಲ್ಲ."

ಕೊಟ್ಟೂರೇಶ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಗೆರೆಯಾಚೆ ಹೋದ ಒದೆತಗಳು, ಸುಮ್ಮನೆ ನಿಂತ ಹುಡುಗಿಯರು, ಮುಂದೆ ಚಾಚಿದ ಆ ಎರಡು ಕೈ. ಯಾರ ಮೈಯನ್ನೂ ಮುಟ್ಟದೆ, ಬರೀ ಕೈ ಒಡ್ಡಿ ನಿಂತಿದ್ದರೂ ಅವನ ತಂಡ ಗೆಲ್ಲುತ್ತಿತ್ತು.

ಸುಧಾ ಮಾತು ಮುಗಿಸಿ ಬಂದು ಎದುರಿಗೆ ನಿಂತಳು. ಅವಳ ಕಣ್ಣು ಕೆಂಪಾಗಿದ್ದವು. "ಸುಳ್ಳು ಆಟ ಹೇಳ್ಕೊಟ್ಟಿದ್ದು ನನ್ನ ತಪ್ಪು," ಎಂದಳು. "ನೋವು ತಿಂದಿದ್ದು ಈ ಕೂಸು. ಹೋಗ್ಲಿ, ನಿಮ್ಮ ನಾಗಭೂಷಣ್ ಸಾರ್ ಫೋನ್ ಮಾಡಿದ್ರು."

"ನನ್ನ ಬಗ್ಗೆ ಏನಂದ್ರು?"

"ತಾರಿಕ್ ಎಲ್ಲಾ ತಿಳಿಸ್ಯಾನೆ. ಗೆದ್ದಿದ್ದಕ್ಕೆ ತಂಡ ಉಳಿಸ್ತಾರಂತೆ. ಆದ್ರೆ ಮೈದಾನಕ್ಕೆ ಹೋಗದ ಮೇಷ್ಟ್ರನ್ನ ಇಟ್ಕೊಂಡು ಏನು ಮಾಡ್ಲಿ ಅಂದ್ರು." ಸುಧಾ ರೂಪಶ್ರೀಯ ಕೈಯಿಂದ ಎಳನೀರಿನ ಬುರುಡೆ ತೆಗೆದು ಕೆಳಗಿಟ್ಟಳು. "ಆ ಜಾಗಕ್ಕೆ ನನ್ನನ್ನ ಬರ್ರಿ ಅಂತ ಕೇಳಿದ್ರು. ಖಾಯಂ ಕೆಲಸ. ಮನೆಯಾಗೆ ಒಬ್ಬರಿಗಾದ್ರೂ ಗಟ್ಟಿ ಕೆಲಸ ಬೇಕಲ್ಲ, ಹೂಂ ಅಂದೆ."

ಕೊಟ್ಟೂರೇಶ್ ನಿಧಾನವಾಗಿ ತಲೆಯಾಡಿಸಿದ. ಸಿಟ್ಟು ಮಾಡುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಗೆದ್ದ ತಂಡದ ಮೇಷ್ಟ್ರನ್ನು ಬಿಟ್ಟು ಸೋತವರನ್ನು ಯಾಕೆ ಕರೆದರು, ಅದೊಂದು ಹೇಳು ಎಂದ.

"ನನ್ನ ಹುಡುಗೀರು ಇವತ್ತು ಆಡಿದ ರೀತಿ ಬಹಳ ಹಿಡಿಸಿತಂತೆ. ಏಟು ತಿಂದ್ರೂ ಒಬ್ಬರೂ ತಿರುಗಿ ಕೈ ಎತ್ತಲಿಲ್ಲ, ಎದುರಿಗೆ ಬಂದೋರಿಗೆ ಸರಿದು ದಾರಿ ಬಿಟ್ರು, ಇದಪ್ಪಾ ಕ್ರೀಡಾಮನೋಭಾವ ಅಂದ್ರು. 'ನಮ್ಮ ಹುಡುಗೀರಿಗೂ ಹಂಗೇ ಆಡೋದು ಕಲಿಸ್ರಿ ಮೇಡಂ, ನಿಮ್ಮ ಯಜಮಾನರ ಕೈಲಿ ಅದು ಆಗ್ಲಿಲ್ಲ' ಅಂದ್ರು."