ಅತ್ತೆಯ ಎರಡನೇ ಮಿದುಳು

ಮಿದುಳಿಗೆ ಊಟ ಹಾಕುವ ನೌಕರಿ ನನ್ನದು. ಇಂಥ ನೌಕರಿ ಹಿಡಿದವರನ್ನು ವಿಚಿತ್ರಗಳು ಹುಡುಕಿಕೊಂಡು ಬರುತ್ತವೆ. ರಜೆ ಹಾಕಿದರೆ ಮನೆಗೇ ಬರುತ್ತವೆ.

ಉದಗೀರದ ಬಜಾರಿನ ಹಿಂದೆ, ಮೊದಲು ತೊಗರಿ ತುಂಬುತ್ತಿದ್ದ ಗೋದಾಮಿನಲ್ಲಿ ನಮ್ಮ ಲ್ಯಾಬ್ ಇದೆ. ಮನುಷ್ಯರ ಚರ್ಮದ ಚೂರು ತೆಗೆದು ಪುಣೆಗೆ ಕಳಿಸುತ್ತೇವೆ. ಅಲ್ಲಿ ಅದನ್ನು ಮಿದುಳಿನ ಜೀವಕೋಶಗಳನ್ನಾಗಿ ಮಾಡಿ ವಾಪಸು ಕೊಡುತ್ತಾರೆ. ನಾವು ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಕೆಂಪು ನೀರಿನಂಥ ಆಹಾರ ಹಾಕಿ, ಸಾಸಿವೆ ಕಾಳಿನಷ್ಟು ಬೆಳೆಸುತ್ತೇವೆ. ಆಮೇಲೆ ಸಣ್ಣ ತಂತಿಗಳಿರುವ ಪ್ಲೇಟಿನ ಮೇಲೆ ಕೂರಿಸಿ ಕಂಪ್ಯೂಟರಿಗೆ ಜೋಡಿಸುತ್ತೇವೆ. ಕಾಳು ಮಿಡಿದರೆ ಪರದೆಯ ಮೇಲೆ ಗೆರೆ ಜಿಗಿಯುತ್ತದೆ. ಮುಂದೊಂದು ದಿನ ಕಂಪ್ಯೂಟರಿನ ಕೆಲಸವನ್ನೆಲ್ಲ ಈ ಕಾಳೇ ಮಾಡಬೇಕೆಂಬುದು ನಮ್ಮ ಸಾಹೇಬರ ಆಸೆ.

ಚರ್ಮ ಕೊಟ್ಟವರು

ಚರ್ಮ ಕೊಡಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಅದನ್ನು ಮನೆಯಲ್ಲಿ ಹೇಳಿದ್ದೇ ನನ್ನ ತಪ್ಪು. ಮರುದಿನ ನಮ್ಮ ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಸಾಹೇಬರ ಮುಂದೆ ತೋಳು ಚಾಚಿದರು.

"ನೋವಾಗ್ತದ ರೀ ಅವ್ವಾ," ಎಂದರು ಸಾಹೇಬರು.

"ಆಗಲಿ ಬಿಡ್ರಿ. ನಮ್ಮ ಮನಿಯವರು ನಲವತ್ತು ವರ್ಷ ನಿನ್ನ ತಲಿಯಾಗ ಮಿದುಳೇ ಇಲ್ಲ ಅಂದ್ರು. ಹಂಗನಕೋತೇ ಹೋಗಿಬಿಟ್ರು. ನೀವು ಕೈಯಾಗಿಂದ ತೆಗದು ತೋರಸ್ತೀರಂದ್ರ, ಒಮ್ಮಿ ಕಣ್ಣಿಲೆ ನೋಡಿಬಿಡ್ತೀನಿ."

ಸಾಹೇಬರು ನಕ್ಕರು. ಅತ್ತೆ ನಗಲಿಲ್ಲ. ಅಕ್ಕಿ ಕಾಳಿನಷ್ಟು ಚರ್ಮ ತೆಗೆದು ಪಟ್ಟಿ ಹಚ್ಚಿದ ಮೇಲೂ ಅವರಿಗೆ ಸಮಾಧಾನವಿಲ್ಲ.

"ಇಷ್ಟೇ ಸಾಕೇನ್ರಿ? ಇನ್ನೊಂಚೂರು ತಗೋರಿ. ಕಡಿಮಿ ಬಿದ್ರ ಅವರ ಮಾತೇ ಖರೇ ಆಗ್ತದ."

ಉಮರ್ಗಾ ನಾಕಾ

ಪುಣೆಯಿಂದ ಡಬ್ಬಿ ತರುವವನು ತುರೋರಿ ಊರಿನ ಒಬ್ಬ ಡ್ರೈವರ್. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಉಮರ್ಗಾದ ತಪಾಸಣೆ ನಾಕಾದಲ್ಲಿ ಒಬ್ಬ ಪೊಲೀಸ್ ಗಾಡಿ ನಿಲ್ಲಿಸಿ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದ.

"ನಮ್ಮ ಮೇಡಂ ಅವರ ಅತ್ತಿ ಮಿದುಳು, ಸಾಹೇಬ್."

ಪೊಲೀಸ್ ಎರಡು ಹೆಜ್ಜೆ ಹಿಂದೆ ಸರಿದ. ಡಬ್ಬಿಯನ್ನು ನೋಡಿದ, ಡ್ರೈವರನ ಕೈ ನೋಡಿದ, ಸೀಟಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಉಳಿದದ್ದು ಎಲ್ಲದ?"

"ಉಳಿದದ್ದು ಉದಗೀರದಾಗ ರೊಟ್ಟಿ ಬಡೀಲಿಕತ್ತದ ರೀ."

ಹೊಸ್ತಿಲು

ಅತ್ತೆಯನ್ನು ನೋಡಿ ಆಮೇಲೆ ಚರ್ಮ ಕೊಟ್ಟ ಬೇರೆಯವರ ಕಾಳುಗಳೂ ನಮ್ಮಲ್ಲಿದ್ದವು. ಅವು ತಮ್ಮ ಪಾಡಿಗೆ ಮಿಡಿಯುತ್ತಿದ್ದವು. ಅತ್ತೆಯ ಕಾಳು ಮಾತ್ರ ನಾನು ಬೆಳಿಗ್ಗೆ ಒಳಗೆ ಬರುತ್ತಿದ್ದಂತೆ ಒಮ್ಮೆಲೇ ಜಿಗಿಯುತ್ತಿತ್ತು. ಬಾಗಿಲ ಸಪ್ಪಳಕ್ಕಿರಬೇಕು ಎಂದರು ಸಾಹೇಬರು. ಬಾಗಿಲು ತೆರೆದೇ ಇಟ್ಟು, ಚಪ್ಪಲಿ ಬಿಚ್ಚಿಸಿ, ನನ್ನನ್ನು ಹೊರಗೆ ನಿಲ್ಲಿಸಿದರು. ಗೆರೆಗಳು ಸುಮ್ಮನಿದ್ದವು. ಸಾಹೇಬರು ನಾಲ್ಕು ಸಲ ಒಳಗೆ ಹೊರಗೆ ಓಡಾಡಿದರು. ಏನೂ ಆಗಲಿಲ್ಲ. ನಾನು ಉಸಿರು ಬಿಗಿಹಿಡಿದು ಬರಿಗಾಲನ್ನು ಹೊಸ್ತಿಲೊಳಗೆ ಇಟ್ಟೆ. ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಂತವು.

ಸಾಹೇಬರು ಪರದೆಗೆ ಮೂಗು ತಾಗಿಸಿ ನೋಡಿದರು. "ಹಿಂಗ್ಯಾಕ ಆಗ್ಲಿಕತ್ತದ?" ಎಂದರು.

"ಮನಿಯಾಗೂ ಹಿಂಗೇ ರೀ ಸರ್," ಎಂದೆ. "ನಾ ಒಳಗ ಕಾಲಿಟ್ಟೆ ಅಂದ್ರ ಸಾಕು, ಶುರು."

ಶ್ರಾವಣ ಸೋಮವಾರ

ಶ್ರಾವಣ ಬಂತು. ಅತ್ತೆ ಸೋಮವಾರ ಒಪ್ಪತ್ತು, ಹೊತ್ತು ಮುಳುಗುವ ತನಕ ಏನೂ ಮುಟ್ಟುವುದಿಲ್ಲ. ನಾನು ಹೊರಡುವಾಗ ಬಾಗಿಲಲ್ಲೇ ತಡೆದರು.

"ಇವತ್ತು ಅದಕ್ಕ ಊಟ ಹಾಕಬ್ಯಾಡ. ಅದೂ ನಾನೇ ಇದ್ದೀನಿ."

ಆಗಲಿ ಎಂದು ತಲೆಯಾಡಿಸಿದೆ. ಹಾಕದಿದ್ದರೆ ಕಾಳು ಸಾಯುತ್ತದೆ, ನನ್ನ ನೌಕರಿಯೂ ಹೋಗುತ್ತದೆ. ಹನ್ನೆರಡಕ್ಕೆ ಗುಟ್ಟಾಗಿ ಹಾಕಿದೆ. ಕಾಳು ಯಾಕೋ ಅವತ್ತು ಬಹಳ ಹೊತ್ತು ಮಿಡಿಯಿತು.

ಸಂಜೆ ಅತ್ತೆ ತಾಟಿನ ಮುಂದೆ ಕೂತು ರೊಟ್ಟಿ ಮುಟ್ಟಲೇ ಇಲ್ಲ. "ಹನ್ನೆರಡು ಬಡದಾಗಿಂದ ಹೊಟ್ಟಿ ತುಂಬಿದಂಗ ಆಗ್ಯಾದ," ಎಂದು ನನ್ನನ್ನೇ ನೋಡಿದರು. ನಾನು ನೀರು ತರುವ ನೆವ ಮಾಡಿ ಎದ್ದೆ. ಬೆನ್ನ ಹಿಂದಿನಿಂದ ಕೇಳಿದರು, "ಏನ ಹಾಕಿದ್ದಿ? ಉಪ್ಪು ಜಾಸ್ತಿ ಆಗಿತ್ತು."

ಜಳಕೋಟದ ಹೊಲ

ದೀಪಾವಳಿ ಕಳೆದ ಮೇಲೆ ಕಾಳಿನ ನಡುಭಾಗ ಕಪ್ಪಾಗತೊಡಗಿತು. ಗೆರೆಗಳು ಸಣ್ಣಗಾಗಿ ಒಂದು ದಿನ ನಿಂತೇ ಹೋದವು. ನನಗೆ ಅಳು ಬಂತು. ಮನೆಯಲ್ಲಿ ಅತ್ತೆ ಗಟ್ಟಿಮುಟ್ಟಾಗಿರುವಾಗ ಇಲ್ಲಿ ಅವರಿಗಾಗಿ ಅತ್ತೆನೆಂದರೆ ಯಾರು ನಂಬುತ್ತಾರೆ?

ನಿಯಮದ ಪ್ರಕಾರ ಸತ್ತ ಕಾಳನ್ನು ಸುಡಲು ಕಳಿಸಬೇಕು. ಸುದ್ದಿ ಕೇಳಿ ಅತ್ತೆ ಲ್ಯಾಬಿಗೇ ಬಂದರು.

"ನಮ್ಮಲ್ಲಿ ಮಣ್ಣು ಕೊಡ್ತಾರ, ಸುಡೂದಿಲ್ಲ. ನೀವು ನಿಲಂಗಾದವರು, ಲಿಂಗ ಕಟ್ಟೋ ನಮ್ಮವರೇ. ನಿಮಗ ಹೇಳಬೇಕೇನ್ರಿ?"

ಸಾಹೇಬರು ನಿಯಮದ ಪುಸ್ತಕ ಮುಚ್ಚಿಟ್ಟರು. ಆಮೇಲೆ ಕಾಳನ್ನು ಔಷಧದಲ್ಲಿ ಹಾಕಿ, ಗಾಜಿನ ಸೀಸೆಯಲ್ಲಿ ಮುಚ್ಚಿ, ಮೇಲೆ ಮೇಣ ಹಚ್ಚಿ ಕೊಟ್ಟರು. ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣು ತುಂಬಿ ಬಂತು. "ಇತ್ತು ನೋಡು," ಎಂದರು.

ಜಳಕೋಟದ ನಮ್ಮ ಹೊಲದಲ್ಲಿ ಮಾವನ ಸಮಾಧಿ ಇದೆ. ಅದರ ಪಕ್ಕದಲ್ಲಿ ಮೊಳದುದ್ದ ಗುಂಡಿ ತೋಡಿ, ಬಿಲ್ವಪತ್ರಿ, ವಿಭೂತಿ ಹಾಕಿ ಸೀಸೆ ಇಟ್ಟೆವು. ಮಣ್ಣು ಮುಚ್ಚಿದ ಮೇಲೆ ಅತ್ತೆ ಸಮಾಧಿಯ ಕಡೆ ತಿರುಗಿ ಕೂತರು. "ನೋಡ್ರಿ, ತಂದೀನಿ. ಇಲ್ಲ ಇಲ್ಲ ಅಂತಿದ್ರಲ್ಲ?" ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಅಷ್ಟರಲ್ಲಿ ಲ್ಯಾಬಿನಿಂದ ಸಾಹೇಬರ ಫೋನು ಬಂತು.

"ನಿಮ್ಮ ಅತ್ತಿ ಪ್ಲೇಟ್ ಖಾಲಿ ಅದ, ತೊಳದು ಇಟ್ಟೀನಿ. ಆದ್ರ ಪರದಿ ಮ್ಯಾಲ ಗೆರಿ ಕುಣೀಲಿಕತ್ತಾವ! ಅಲ್ಲಿ ಏನ್ ನಡದದ?"

"ಅತ್ತಿ ಮಾವನ ಜೋಡಿ ಮಾತಾಡ್ಲಿಕತ್ತಾರ ರೀ ಸರ್."

ಸಾಹೇಬರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ ಸಪ್ಪಳ ಕೇಳಿಸಿತು. "ಎರಡು ಗೆರಿ ಅವ. ಒಂದು ನಿಲ್ಲಲಾರದ ಓಡ್ಲಿಕತ್ತದ. ಇನ್ನೊಂದು ನಡುನಡುವ ಹೂಂ ಅಂದಂಗ ಸಣ್ಣಗ ಏಳ್ತದ. ಅದು ಯಾರು?"

ನಾನು ಸಮಾಧಿಯನ್ನು ನೋಡಿದೆ. ಅತ್ತೆಗೆ ಕೇಳಿಸದಂತೆ ಫೋನಿಗೆ ಕೈ ಮರೆಮಾಡಿದೆ.

"ಮಾವ ಇರಬೇಕ್ರಿ," ಎಂದೆ. "ಆದ್ರ ಅತ್ತಿಗಿ ಹೇಳಬ್ಯಾಡ್ರಿ ಸರ್. ಮಾವ ಬದುಕಿದ್ದಾಗ ಒಮ್ಮಿನೂ ಹೂಂ ಅಂದಿರಲಿಲ್ಲ, ಈಗ ಅಂತಾರಂತ ಗೊತ್ತಾದ್ರ ಅತ್ತಿ ಮನಿಗೇ ಬರಂಗಿಲ್ಲ."