ರತ್ನಾಕರ ಗಂಗೆಯ ವೇಗ ಅಳೆದದ್ದು

ಹೆಂಡತಿ ಓದುತ್ತಾಳೆಂದು ರತ್ನಾಕರನಿಗೆ ತಕರಾರಿರಲಿಲ್ಲ. ತನ್ನನ್ನು ಒಂದು ಮಾತೂ ಕೇಳದೆ ಓದುತ್ತಾಳಲ್ಲ, ಅದೇ ತಕರಾರು.

ಜಯಂತಿಗೆ ನಲವತ್ತನಾಲ್ಕು ವರ್ಷ. ದ್ವಿತೀಯ ಪಿಯುಸಿಯ ನಡುವೆಯೇ ಮದುವೆಯಾಗಿ, ಪುಸ್ತಕ ಮಡಚಿಟ್ಟು, ಬ್ಯಾಂಕಿನ ಅಧಿಕಾರಿಯಾದ ಗಂಡನ ಜೊತೆ ಊರೂರು ವರ್ಗವಾಗಿ, ಕೊನೆಗೆ ಕೋಲ್ಕತ್ತದ ಟಾಲಿಗಂಜ್‌ಗೆ ಬಂದು ಮುಟ್ಟಿದ್ದಳು. ಅವರ ಬೀದಿಯ ಶಿಶುವಿಹಾರದವರು ಒಂದು ದಿನ, 'ಮಕ್ಕಳಿಗೆ ನೀವೆಂದರೆ ಎಷ್ಟು ಇಷ್ಟ! ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟ್ ಒಂದಿದ್ದರೆ ನಾಳೆಯಿಂದಲೇ ಟೀಚರ್' ಎಂದಿದ್ದರು. ಮರುವಾರವೇ ಆಕೆ ಮುಕ್ತ ಶಾಲೆಗೆ ಹೆಸರು ಬರೆಸಿ, ಭೂಗೋಳವನ್ನು ಆರಿಸಿಕೊಂಡಳು.

ಅಲ್ಲಿಂದ ಮನೆಯ ಭೂಗೋಳವೇ ಬದಲಾಯಿತು. ಊಟದ ಮೇಜಿನ ಅರ್ಧ ಭಾಗ ಪ್ರಾಕೃತಿಕ ಭೂಗೋಳದ ವಶವಾಯಿತು, ಉಳಿದರ್ಧ ಮಾನವ ಭೂಗೋಳದ ವಶ. ಮಾನವನಾದ ರತ್ನಾಕರ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದ.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಭೂಗೋಳ ಅವನದೇ ವಿಷಯ (ಹೈಸ್ಕೂಲಿನಲ್ಲಿ ಭಾರತದ ನಕ್ಷೆಯನ್ನು ನೋಡದೆ ಬಿಡಿಸಿ ಸೋಪಿನ ಡಬ್ಬಿ ಬಹುಮಾನ ಪಡೆದವನು). ಇಂಥ ಪ್ರಕಾಂಡ ಪಂಡಿತ ಪಕ್ಕದ ಕುರ್ಚಿಯಲ್ಲೇ ಇರುವಾಗ, ಆಕೆ ಸಂಶಯಗಳನ್ನು ಕಾಲೇಜಿಗೆ ಹೋಗುವ ಮಗಳು ನಿಶ್ಮಿತಾಳ ಹತ್ತಿರ ಕೇಳುತ್ತಿದ್ದಳು!

ಹಾಗಾಗಿ, ಪ್ರಾಯೋಗಿಕ ಪರೀಕ್ಷೆಗೆ ನದಿಯ ವೇಗ ಅಳೆದು ವರದಿ ಬರೆಯಬೇಕೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರತ್ನಾಕರ ತೊಡೆಯ ಮೇಲಿನ ತಟ್ಟೆ ಕೆಳಗಿಟ್ಟ.

"ಭಾನುವಾರ ದಕ್ಷಿಣೇಶ್ವರಕ್ಕೆ ಹೋಗುವ. ನಾನುಂಟು."

"ಬೇಡ ಮಾರಾಯ್ರೆ. ನಿಶ್ಮಿತಾ ಬರ್ತಾಳೆ."

"ಅವಳಿಗೆ ಎಂತ ಗೊತ್ತುಂಟು? ಫೋನಿನಲ್ಲಿ ನೀಲಿ ಚುಕ್ಕೆ ಇಲ್ಲದಿದ್ರೆ ಅವಳಿಗೆ ನಮ್ಮ ಗಲ್ಲಿಯೇ ಗೊತ್ತಾಗೂದಿಲ್ಲ."

"ಅಪ್ಪಾ, ಪ್ಲೀಸ್!" ಎಂದಳು ನಿಶ್ಮಿತಾ. ಆದರೆ ಭಾನುವಾರ ತಡವಾಗಿ ಏಳುವ ಅವಕಾಶ ಕಂಡು ಅವಳು ಹೆಚ್ಚು ವಾದಿಸಲಿಲ್ಲ.

ಪುಸ್ತಕದಲ್ಲಿದ್ದ ವಿಧಾನ ಸುಲಭದ್ದು. ದಡದ ಮೇಲೆ ಐವತ್ತು ಮೀಟರ್ ಅಳೆಯಬೇಕು. ಒಂದು ತುದಿಯಲ್ಲಿ ಕಿತ್ತಳೆ ಹಣ್ಣು ನೀರಿಗೆ ಬಿಡಬೇಕು, ಇನ್ನೊಂದು ತುದಿ ಮುಟ್ಟಲು ಎಷ್ಟು ಹೊತ್ತು ಬೇಕಾಯಿತು ಎಂದು ನೋಡಬೇಕು. ಹಾಗೆ ಮೂರು ಸಲ. ರತ್ನಾಕರ ಮೂರು ಕಿತ್ತಳೆ, ಟೇಪು, ಮತ್ತು ಕಿತ್ತಳೆ ಹಿಡಿಯಲೆಂದು ತುದಿಗೆ ಈರುಳ್ಳಿಯ ಬಲೆಚೀಲ ಕಟ್ಟಿದ ಉದ್ದ ಕೋಲು ಹಿಡಿದು ಮೆಟ್ರೋ ಹತ್ತಿದ. ಎಸ್ಪ್ಲನೇಡ್ ನಿಲ್ದಾಣ ದಾಟುವಷ್ಟರಲ್ಲಿ ಆ ಕೋಲು ಇಬ್ಬರ ಕನ್ನಡಕ ಬೀಳಿಸಿತ್ತು.

"ಉಬ್ಬರ ಎಷ್ಟು ಹೊತ್ತಿಗೆ ಅಂತ ಒಮ್ಮೆ ನೋಡುವನಾ?" ಜಯಂತಿ ದಾರಿಯಲ್ಲಿ ಕೇಳಿದಳು.

"ಸಮುದ್ರ ಇಲ್ಲಿಂದ ನೂರು ಮೈಲಿ ದೂರ ಉಂಟು. ಉಬ್ಬರವಂತೆ! ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಇದರಲ್ಲಿ ನೋಡಲಿಕ್ಕೆ ಎಂತ ಉಂಟು?"

ದೇವಸ್ಥಾನದ ಗದ್ದಲದಿಂದ ಸ್ವಲ್ಪ ದೂರದ ಒಂದು ಘಾಟಿನಲ್ಲಿ ಪ್ರಯೋಗಶಾಲೆ ಸ್ಥಾಪನೆಯಾಯಿತು. ಅಲ್ಲಿ ದೋಣಿ ಕಟ್ಟಿಕೊಂಡು ಕುಳಿತಿದ್ದ ಅಂಬಿಗ ಟೇಪು, ಕೋಲು, ಕಿತ್ತಳೆಗಳನ್ನು ನೋಡಿ, ನದಿಯ ಕಡೆ ಕೈ ಮಾಡಿ, "ಏಖೋನ್ ಜೋಯಾರ್, ದಾದಾ" ಎಂದ.

"ಎಂತ ಹೇಳಿದ?" ಎಂದಳು ಜಯಂತಿ.

"ನೀರು ಜೋರುಂಟು ಅಂತ." (ಮೂರು ವರ್ಷದಿಂದ ಮೀನು ಮಾರುಕಟ್ಟೆಯಲ್ಲಿ ಬಂಗಾಳಿ ಮಾತಾಡುತ್ತಿರುವ ಗಂಡಸಿಗೆ ಇಷ್ಟೂ ಗೊತ್ತಾಗುವುದಿಲ್ಲವೇ?)

ಜಯಂತಿಯನ್ನು ಉತ್ತರದ ತುದಿಯಲ್ಲಿ ನಿಲ್ಲಿಸಿ, ತಾನು ಐವತ್ತು ಮೀಟರ್ ದಕ್ಷಿಣಕ್ಕೆ ನಡೆದು, ಕೊನೆಯ ಮೆಟ್ಟಿಲಿನಲ್ಲಿ ಪ್ಯಾಂಟು ಮಡಚಿ ನಿಂತ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಾಲ ಎಣಿಸುವ ಫೋನು. ಜಯಂತಿ ಕೈ ಎತ್ತಿ ಕಿತ್ತಳೆ ಬಿಟ್ಟಳು. ರತ್ನಾಕರ ಗುಂಡಿ ಒತ್ತಿದ.

ಒಂದು ನಿಮಿಷವಾಯಿತು. ಐದಾಯಿತು. ಕಿತ್ತಳೆಯ ಸುಳಿವಿಲ್ಲ. ಜಯಂತಿಯ ಫೋನು ಬಂತು. ಎಣಿಕೆ ಕೆಟ್ಟೀತೆಂದು ಕತ್ತರಿಸಿದ. ಮತ್ತೆ ಬಂತು. ಮತ್ತೆ ಕತ್ತರಿಸಿದ. ಮೂರನೆಯ ಸಲ ಬಂದಾಗ ಅವನಿಗೆ ಸಿಟ್ಟೇ ಬಂತು. ವಿಜ್ಞಾನಕ್ಕೆ ತಾಳ್ಮೆ ಬೇಕು ಎಂಬುದು ಈ ಹೆಂಗಸಿಗೆ ಯಾವಾಗ ತಿಳಿಯುವುದು? ಅವಳತ್ತ ನೋಡಲೂ ಇಲ್ಲ. ನೀರಿನಿಂದ ಕಣ್ಣು ತೆಗೆದರೆ ಕಿತ್ತಳೆ ತಪ್ಪಿಹೋದೀತು.

ಇಪ್ಪತ್ತಮೂರನೆಯ ನಿಮಿಷಕ್ಕೆ ಕಾಲಿನ ಹತ್ತಿರವೇ ಕೇಸರಿ ಬಣ್ಣದ್ದೊಂದು ತೇಲಿ ಕಂಡಿತು. ಕಿತ್ತಳೆ! ಅದು ಬಂದದ್ದು ಬೆನ್ನ ಹಿಂದಿನಿಂದ ಎಂಬುದೊಂದೇ ವಿಚಿತ್ರ. ಸುಳಿಯಲ್ಲಿ ಸಿಕ್ಕಿ ಒಂದು ಪ್ರದಕ್ಷಿಣೆ ಹಾಕಿ ಬಂದಿರಬೇಕು ಎಂದುಕೊಂಡು ರತ್ನಾಕರ ಕೋಲು ಬೀಸಿ, ಸೊಂಟದ ತನಕ ಒದ್ದೆಯಾಗಿ ಅದನ್ನು ಹಿಡಿದ. ಲೆಕ್ಕ ಹಾಕಿದ. ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ! ಗಂಗೆ ಇಷ್ಟು ನಿಧಾನ ಎಂದು ಜಗತ್ತಿಗೆ ಇದುವರೆಗೆ ತಿಳಿದಿರಲಿಕ್ಕಿಲ್ಲ.

ಅವನು ವಿಜಯೋತ್ಸವದಲ್ಲಿ ಉತ್ತರದ ತುದಿಗೆ ಬಂದರೆ ಜಯಂತಿ ಅಲ್ಲಿಲ್ಲ. ಇನ್ನೂ ಐವತ್ತು ಮೀಟರ್ ಆಚೆ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದಳು. ಪಕ್ಕದಲ್ಲಿ ಅದೇ ಅಂಬಿಗ ಟೇಪು ಸುತ್ತುತ್ತಿದ್ದ.

"ಹಿಡಿದೆ!" ಎಂದು ರತ್ನಾಕರ ಹಣ್ಣು ಎತ್ತಿ ತೋರಿಸಿದ.

ಜಯಂತಿ ಅದನ್ನು ತಿರುಗಿಸಿ ನೋಡಿದಳು. "ಇದರಲ್ಲಿ ಕುಂಕುಮ ಉಂಟಲ್ಲ."

"ಅಂದ್ರೆ?"

"ನಾನು ಬಿಟ್ಟದ್ದಕ್ಕೆ ಕುಂಕುಮ ಇಟ್ಟಿರ್ಲಿಲ್ಲ ಮಾರಾಯ್ರೆ. ಇದು ಯಾರೋ ಪೂಜೆ ಮಾಡಿ ಗಂಗೆಗೆ ಬಿಟ್ಟದ್ದು. ನಮ್ಮದು ಉತ್ತರಕ್ಕೆ ಹೋಯ್ತು. ಹೇಳ್ಲಿಕ್ಕೆ ಮೂರು ಸಲ ಫೋನ್ ಮಾಡಿದೆ."

"ಉತ್ತರಕ್ಕೆ? ನದಿ ಹಿಂದೆ ಹರೀತದಾ?"

"ಜೋಯಾರ್ ಅಂದ್ರೆ ಉಬ್ಬರವಂತೆ. ಈಗ ಇವರೇ ಕೈಸನ್ನೆ ಮಾಡಿ ತಿಳಿಸಿದ್ರು. ಆಮೇಲೆ ಉಳಿದೆರಡು ಹಣ್ಣನ್ನು ಇವರು ಆ ಕಡೆಯಿಂದ ಬಿಟ್ರು, ನಾನು ಇಲ್ಲಿ ನೋಡಿದೆ. ಒಂದು ನಿಮಿಷ, ಒಂದು ನಿಮಿಷ ಎರಡು ಸೆಕೆಂಡ್. ಮೊದಲನೆಯದನ್ನು ಅದರೊಟ್ಟಿಗೇ ದಡದಲ್ಲಿ ನಡೆದು ಅಳೆದೆ. ಮೂರೂ ಆಯ್ತು." ಪೆನ್ನಿನ ಮುಚ್ಚಳ ಹಾಕಿ ಗಂಡನನ್ನು ನೋಡಿದಳು. "ನೀವು ಗಂಗೊಳ್ಳಿಯವರು. ಅಂಗಳದ ತುದಿಯ ಹೊಳೆಯಲ್ಲಿ ದಿನಾ ಎರಡು ಸಲ ನೀರು ಹಿಂದೆ ಬರೂದನ್ನು ನೋಡಿ ಬೆಳೆದವರು. ಹೆಸರೋ ರತ್ನಾಕರ. ಸಮುದ್ರಕ್ಕೇ ಉಬ್ಬರ ಮರೆತುಹೋದ್ರೆ ಹೇಗೆ?"

ಅಂಬಿಗನಿಗೆ ಕನ್ನಡ ಬಾರದು. ಆದರೂ ನಕ್ಕ.

ಮರಳುವಾಗ ಮೆಟ್ರೋದಲ್ಲಿ, ಒದ್ದೆ ಪ್ಯಾಂಟಿನ ಕಾರಣ ನಿಂತೇ ಇದ್ದ ರತ್ನಾಕರ ಹೆಂಡತಿಯ ತೊಡೆಯ ಮೇಲಿನ ಪುಸ್ತಕವನ್ನು ಬಗ್ಗಿ ನೋಡಿದ. ಇಪ್ಪತ್ತೈದು ವರ್ಷದಲ್ಲಿ ಅವನು ಕಂಡಿದ್ದ ಅವಳ ಬರವಣಿಗೆಯೆಂದರೆ ಸಾಮಾನು ಚೀಟಿ ಮಾತ್ರ. ಇಲ್ಲಿ ದುಂಡಗಿನ ಅಕ್ಷರ, ಗೆರೆ ಹೊಡೆದ ಕೋಷ್ಟಕ, ಬಾಣ ಹಾಕಿದ ಚಿತ್ರ. ಇಷ್ಟು ಚೆನ್ನಾಗಿ ಓದುವವಳನ್ನು ಪಿಯುಸಿಯ ನಡುವೆ ಎಬ್ಬಿಸಿ ಕರೆದುಕೊಂಡು ಬಂದೆವಲ್ಲ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. "ಬ್ಯಾಗ್ ಕೊಡು, ನಾನು ಹಿಡ್ಕೊಳ್ತೇನೆ" ಎಂದಷ್ಟೇ ಹೇಳಿದ.

ಗುರುವಾರ ಪ್ರಾಯೋಗಿಕ ಪರೀಕ್ಷೆ. ರತ್ನಾಕರ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ತಾನೇ ಚಹಾ ಮಾಡಿ ಕಾದ. ಜಯಂತಿ ನಗುತ್ತಲೇ ಒಳಗೆ ಬಂದಳು.

"ಇಪ್ಪತ್ತಕ್ಕೆ ಹದಿನೆಂಟು. ಪರೀಕ್ಷಕರು ಅಲ್ಲೇ ಹೇಳಿದ್ರು."

"ಭೇಷ್!" ಎಂದ ರತ್ನಾಕರ. ಆದರೆ ಬ್ಯಾಂಕಿನವನ ಬುದ್ಧಿ, ಕೂಡಲೇ ಕೊರತೆಯ ಕಡೆ ತಿರುಗಿತು. "ಎರಡು ಮಾರ್ಕು ಎಲ್ಲಿ ಹೋಯ್ತು?"

"ನಾನು ನಿಮ್ಮ ಇಪ್ಪತ್ತಮೂರು ನಿಮಿಷವನ್ನೂ ಬರೆದಿದ್ದೆ, ಕೈಬಿಟ್ಟ ಅಳತೆ ಅಂತ. ನಡೆದದ್ದನ್ನೆಲ್ಲ ಬರೀಬೇಕು ಅಂತ ಪುಸ್ತಕದಲ್ಲಿ ಉಂಟು. ಅವರು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎಲ್ಲ ಸರಿ ಉಂಟಮ್ಮಾ, ಆದ್ರೆ ಸಹಾಯಕರನ್ನು ಆರಿಸುವಾಗ ಎಚ್ಚರ ಸಾಲದು ಅಂತ ಎರಡು ಮಾರ್ಕು ಕಳೆದ್ರು."

ರತ್ನಾಕರ ಚಹಾದ ಲೋಟ ಮೇಜಿನ ಮೇಲಿಟ್ಟ. "ನೀನು ಸುಮ್ಮನೆ ಕೇಳಿಕೊಂಡು ಬಂದ್ಯಾ?"

"ಸುಮ್ಮನೆ ಯಾಕೆ? ವಾದ ಮಾಡಿದೆ."

"ಎಂತ ಹೇಳಿದೆ?"

"ಆಯ್ಕೆ ನನ್ನದಲ್ಲ ಸಾರ್, ನಮ್ಮ ಅಪ್ಪ ನೋಡಿ ಮಾಡಿದ್ದು ಅಂತ."