ಬೀಗ ಹಾಕಿದ ಮನೆಯ ದಸರಾ ಗೊಂಬೆ

ರಜೆ ಸಿಕ್ಕರೆ ಮನೆಯಲ್ಲಿ ಹಾಯಾಗಿ ಕೂರುವ ಜನರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ವರ್ಷವಿಡೀ ವಿಮಾ ಕಚೇರಿಯ ಕುರ್ಚಿಯಲ್ಲಿ ಕೂತು ಕೂತು, ಕೂರುವುದೆಂದರೆ ಸಂಬಳ ಕೊಟ್ಟರೆ ಮಾತ್ರ ಮಾಡುವ ಕೆಲಸ ಎಂದು ನನ್ನ ಮೈ ತೀರ್ಮಾನಿಸಿಬಿಟ್ಟಿದೆ. ರಜೆಯ ದಿನ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕೈ ಕಾರಿನ ಕೀ ಹುಡುಕುತ್ತಿರುತ್ತದೆ. "ಇವರು ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು" ಎಂದು ನನ್ನ ಹೆಂಡತಿ ಸುಮಾ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮನೆಗೆ ಬಂದವರಿಗೆ ಅಂದೆನೇ? ತಪ್ಪಾಯಿತು. ನಾವು ಹೋದ ಮನೆಯವರಿಗೆ ಹೇಳುತ್ತಾಳೆ. ನಮ್ಮ ಮನೆಗೆ ಯಾರಾದರೂ ಬರಬೇಕಾದರೆ ನಾವು ಮನೆಯಲ್ಲಿ ಇರಬೇಕಲ್ಲ.

ದಸರಾ ಬಂತೆಂದರೆ ಈ ಕಾಯಿಲೆ ಜೋರಾಗುತ್ತದೆ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಮಕ್ಕಳಿಗೆ ಶಾಲೆಯಿಲ್ಲ, ಗೊತ್ತಿದ್ದವರೆಲ್ಲ ಮನೆಯಲ್ಲಿ ಗೊಂಬೆ ಕೂರಿಸಿ "ನೋಡೋಕೆ ಬನ್ರೀ" ಎಂದು ಕರೆದಿರುತ್ತಾರೆ. ಬಾಯಿಮಾತಿಗೆ ಕರೆದವರನ್ನೂ ನಾನು ಬಿಡುವವನಲ್ಲ. ಹಲಸೂರಿನಲ್ಲಿ ಸುಮಾಳ ಗೆಳತಿಯ ತಾಯಿ, "ವಾಂಗೋ ವಾಂಗೋ" ಎನ್ನುತ್ತ ಬಾಗಿಲಲ್ಲೇ ಕಡಲೆಕಾಳಿನ ಉಸಲಿ ಕೈಗಿಡುವ ತಮಿಳು ಅಜ್ಜಿ. ಇಂದಿರಾನಗರದಲ್ಲಿ ನಮ್ಮ ಮ್ಯಾನೇಜರು. ಅವರು ಗೊಂಬೆಗಳಿಗೆ ಬಿಟ್ಟುಕೊಟ್ಟಿರುವ ಹಾಲ್‌ನಲ್ಲಿ ಕಗ್ಗದಾಸಪುರದ ನಮ್ಮ ಇಡೀ ಬಾಡಿಗೆ ಮನೆ ಹಿಡಿಸುತ್ತದೆ. ಎಲ್ಲ ಕಡೆಯೂ ಕ್ರಮ ಒಂದೇ. ನೋಡಬೇಕು, ಹೊಗಳಬೇಕು, ಮಕ್ಕಳ ಕೈಲಿ ಹಾಡಿಸಬೇಕು, ಉಸಲಿ ತಿಂದು ಕುಂಕುಮ ತೆಗೆದುಕೊಳ್ಳಬೇಕು. ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ನಾನು ಎದ್ದಾಗಿರುತ್ತದೆ. ಒಮ್ಮೆ ಮ್ಯಾನೇಜರ ಮನೆಯಲ್ಲಿ ಅವರ ಅತ್ತೆಯವರೇ ಹಾಡುತ್ತಿದ್ದಾಗ ಎದ್ದುಬಿಟ್ಟೆ. ಆ ವರ್ಷದ ನನ್ನ ಬಡ್ತಿಯ ವಿಷಯ ಇಲ್ಲಿ ಬೇಡ.

ಈ ಸಲದ ದಸರಾದಲ್ಲಿ ಒಂದು ವಿಶೇಷವಿತ್ತು. ಏಳು ವರ್ಷದ ಮಗಳು ಇಂಚರಳಿಗೆ ಸುಮಾ ನಮ್ಮ ಮನೆಯ ಗೊಂಬೆ ಮೆಟ್ಟಿಲುಗಳಲ್ಲಿ ಕೆಳಗಿನದನ್ನು ಪೂರ್ತಿ ಬಿಟ್ಟುಕೊಟ್ಟಿದ್ದಳು. ಅವಳು ಅಲ್ಲಿ ಪಾರ್ಕು ಮಾಡಿದಳು. ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಚೆಲ್ಲಿ ಹುಲ್ಲು ಬೆಳೆಸಿದಳು. ಒಡೆದ ಕನ್ನಡಿ ಕೆರೆಯಾಯಿತು, ಬೆಂಕಿಪೆಟ್ಟಿಗೆ ಬೆಂಚಾಯಿತು. ರಸೆಲ್ ಮಾರ್ಕೆಟ್ಟಿಗೆ ಹೂವಿಗೆಂದು ಹೋದಾಗ ಹಟ ಹಿಡಿದು ಒಂದು ಚೀಲ ಪುಟಾಣಿ ಗೊಂಬೆಗಳನ್ನೂ ಕೊಡಿಸಿಕೊಂಡಿದ್ದಳು. ಮೂರು ವರ್ಷದ ತಮ್ಮ ಚಿನ್ನು ದಿನಕ್ಕೊಮ್ಮೆ ಆ ಹುಲ್ಲು ಕಿತ್ತು ತಿನ್ನುತ್ತಿದ್ದ, ಅವಳು ದಿನಕ್ಕೊಮ್ಮೆ ಅವನನ್ನು ಹೊಡೆಯುತ್ತಿದ್ದಳು.

"ಇವತ್ತು ನಮ್ಮನೆಗೆ ಯಾರಾದ್ರೂ ಬರ್ತಾರಾ ಅಪ್ಪಾ?" ಸಂಜೆಯಾದರೆ ಅವಳದು ಇದೊಂದೇ ಪ್ರಶ್ನೆ. "ಬಂದೇ ಬರ್ತಾರೆ ಪುಟ್ಟಾ" ಎಂದು ನಾನು ಬಾಗಿಲಿಗೆ ಬೀಗ ಹಾಕುತ್ತ ಹೇಳುತ್ತಿದ್ದೆ.

ಒಂದು ಸಂಜೆ ರಾಮಮೂರ್ತಿ ನಗರಕ್ಕೆ, ನನ್ನ ಸಹೋದ್ಯೋಗಿ ನಾಗೇಶನ ಮನೆಗೆ ಹೋದೆವು. ಬೀಗ. ಫೋನ್ ಮಾಡಿದರೆ, "ಗುರು, ನಿಮ್ಮನೆ ಬಾಗಿಲಲ್ಲೇ ನಿಂತಿದ್ದೀವಿ, ಎಲ್ಲಿ ಹೋದ್ರಿ?" ಎಂದ. "ಅಲ್ಲೇ ಇರು, ಬಂದ್ಬಿಟ್ಟೆ" ಎಂದು ಕಾರು ತಿರುಗಿಸಿದೆ. ದಸರಾ ಸಂಜೆಯ ಬೆಂಗಳೂರಿನಲ್ಲಿ ಬಂದ್ಬಿಟ್ಟೆ ಅನ್ನುವುದು ಬರೀ ಧೈರ್ಯದ ಮಾತು. ಮನೆ ಮುಟ್ಟುವಷ್ಟರಲ್ಲಿ ಅವರು ಕಾದು ಸಾಕಾಗಿ ಹೋಗಿದ್ದರು. ಗ್ರಿಲ್ಲಿಗೆ ಒಂದು ಉಸಲಿ ಡಬ್ಬಿ ನೇತುಹಾಕಿದ್ದರು. ಇಂಚರ ಡಬ್ಬಿಯನ್ನು ಮುಟ್ಟಲಿಲ್ಲ. "ಕಿಟಕಿಯಿಂದಾದ್ರೂ ನೋಡಿರ್ತಾರಾ?" ಎಂದು ಕೇಳಿದಳು. ಹೊರಡುವ ಅವಸರದಲ್ಲಿ ಕಿಟಕಿಯ ಪರದೆ ಎಳೆದವನು ನಾನೇ. ನನಗೆ ನಿಜಕ್ಕೂ ಬೇಜಾರಾಯಿತು. ಆದರೂ ಮರುದಿನ ಸಂಜೆ ಎಲ್ಲರನ್ನೂ ಹೊರಡಿಸಿದೆ.

ವಿಜಯದಶಮಿ ಬಂತು. ಅಂದು ರಾತ್ರಿ ಗೊಂಬೆಗಳನ್ನು ಮಲಗಿಸಿಬಿಡುತ್ತೇವೆ, ಮರುದಿನ ಎಲ್ಲ ಪೆಟ್ಟಿಗೆಗೆ ಹೋಗುತ್ತವೆ. ರಾಗಿ ಹುಲ್ಲು ಆಗಲೇ ಹಳದಿಗೆ ತಿರುಗಿತ್ತು. ಸಂಜೆ ನಾನು ಕೀ ತೆಗೆದುಕೊಂಡರೆ ಇಂಚರ ಲಂಗ ಹರಡಿಕೊಂಡು ಪಾರ್ಕಿನ ಮುಂದೆ ಕೂತಳು. "ನಾನು ಬರಲ್ಲ. ಇವತ್ತು ಯಾರಾದ್ರೂ ಬರ್ತಾರೆ."

ಸರಿ, ಮನೆಯಲ್ಲೇ ಇದ್ದೆವು. ಆ ಎರಡು ಗಂಟೆ ನಾನು ಪಟ್ಟ ಪಾಡು ನನಗೇ ಗೊತ್ತು. ಫ್ಯಾನ್ ಜೋರು ಮಾಡಿದೆ, ಕಡಿಮೆ ಮಾಡಿದೆ. ಬಾಲ್ಕನಿಗೆ ಹೋದೆ, ಬಂದೆ. ಕಾಲಿಂಗ್ ಬೆಲ್ ಕೆಟ್ಟಿದೆಯೇನೋ ಎಂದು ನಾನೇ ಒತ್ತಿ ನೋಡಿದೆ. ಇಂಚರ ಓಡಿಬಂದು ನನ್ನ ಮುಖ ನೋಡಿ ವಾಪಸ್ಸು ಹೋದಳು. ನಾಗೇಶನಿಗೆ ಫೋನ್ ಮಾಡಿದರೆ ಅವನು ಮೈಸೂರು ದಾರಿಯಲ್ಲಿದ್ದ. ಎದುರು ಮನೆ ಬೀಗ, ಮೇಲಿನ ಮನೆಯೂ ಬೀಗ. ಊರೆಲ್ಲ ನನ್ನ ಹಾಗೆಯೇ ಆಗಿಬಿಟ್ಟಿತ್ತು.

"ಸುಮ್ನೆ ಒಂದು ರೌಂಡು..." ಎಂದೆ.

ಸುಮಾ ಅಡುಗೆಮನೆಯಿಂದಲೇ ಹೇಳಿದಳು: "ಹೊರಗೆ ಹೋಗ್ಬೇಕು, ತಾನೆ? ಹೋಗಿ. ಹೋಗಿ ಬಾಗ್ಲು ಹಾಕ್ಕೊಂಡು ಬೆಲ್ ಮಾಡಿ."

ಹೋದೆ. ಬೆಲ್ ಮಾಡಿದೆ. ಇಂಚರ ಬಾಗಿಲು ತೆಗೆದು ಕ್ಷಣಹೊತ್ತು ಯೋಚಿಸಿದಳು. ಆಮೇಲೆ, "ಬನ್ನಿ ಅಂಕಲ್. ಆಂಟಿ ಬರ್ಲಿಲ್ವಾ?" ಎಂದಳು.

"ಅವಳಿಗೆ ಸ್ವಲ್ಪ ಕೆಲಸ."

"ಚಪ್ಪಲಿ ಅಲ್ಲೇ ಬಿಡಿ. ಕೂತ್ಕೊಳ್ಳಿ. ಇಲ್ಲಲ್ಲ, ಕೆಳಗೆ."

ಕೂತೆ. ಹಾಡಬೇಕೆಂದಳು, ಹಾಡಿದೆ. ಮೊದಲ ಚರಣಕ್ಕೇ ಕೈಬಿಡಲು ನೋಡಿದರೆ, "ಪೂರ್ತಿ ಹೇಳ್ಬೇಕು ಅಂಕಲ್" ಎಂದಳು. ಚಿನ್ನು ನನಗೆಂದು ಉಸಲಿ ತಂದು ಎದುರಿಗೇ ನಿಂತು ತಿಂದ. ನಂತರ ಪಾರ್ಕಿನ ದರ್ಶನ. ಕೆರೆ ಇದು, ಬಾತುಕೋಳಿ ಇದು, ಬೆಂಚಿನ ಮೇಲೆ ಅಮ್ಮ, ಆನೆಯ ಬೆನ್ನ ಮೇಲೆ ಚಿನ್ನು, ಜೋಕಾಲಿಯಲ್ಲಿ ಅವಳು. ಇದೆಲ್ಲದರ ಪಕ್ಕದಲ್ಲೇ ದಿನಾ ಓಡಾಡಿದ್ದೆ. ಒಂದನ್ನೂ ನೋಡಿರಲಿಲ್ಲ.

"ಈ ಮರದ ಹಿಂದೆ ಒಬ್ಬರಿದ್ದಾರಲ್ಲ, ಅವರ್ಯಾರು?"

"ನಮ್ಮಪ್ಪ."

"ಅಷ್ಟು ದೂರ ಯಾಕೆ ನಿಂತಿದ್ದಾರೆ?"

"ಟೈಮ್ ಆಯ್ತು, ಹೊರಡೋಣ ಅಂತಿದ್ದಾರೆ." ಅವಳು ಬೇಸರದಿಂದ ಹೇಳಲಿಲ್ಲ. ಬಾತುಕೋಳಿಯನ್ನು ತೋರಿಸಿದ ದನಿಯಲ್ಲೇ ಹೇಳಿದಳು.

ನಾನು ಅತಿಥಿಯಾಗಿಯೇ ಉಳಿದೆ. "ಪಾಪ, ಅವರನ್ನೂ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂರಿಸಬಹುದಲ್ಲ?" ಎಂದೆ.

"ಎಷ್ಟೊಂದ್ಸಲ ಕೂರಿಸಿ ನೋಡ್ದೆ ಅಂಕಲ್. ಅವರಿಗೆ ಕೂರೋಕೆ ಬರಲ್ಲ, ಕಾಲು ಮಡಚಲ್ಲ, ಬಿದ್ದೋಗ್ತಾರೆ." ಗೊಂಬೆಯನ್ನು ಎತ್ತಿ ಸೊಂಟದ ಮಣ್ಣು ಒರೆಸಿ ಅಲ್ಲೇ ಮರದ ಹಿಂದೆ ನೆಟ್ಟಳು. "ರಾತ್ರಿ ಮಲಗಿಸೋವರ್ಗೂ ಹೀಗೇ ನಿಂತಿರ್ತಾರೆ."

ಚಕ್ಕಳಮಕ್ಕಳ ಹಾಕಿ ಕೂತಿದ್ದ ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಏಳಲು ಧೈರ್ಯ ಬರಲಿಲ್ಲ.